ಋಣಿಯ ಮನೆಯಲ್ಲಿ ಉಳಿಯಬೇಕಾದದ್ದು

ಅರಸೀಕೆರೆಯ ಸೀಮೆಯಲ್ಲಿ ತೆಂಗಿನಕಾಯಿ ಮರದಿಂದ ಇಳಿದ ದಿನವೇ ಹಣವಾಗುವುದಿಲ್ಲ. ಅದನ್ನು ಮನೆಯ ಅಟ್ಟಕ್ಕೆ ಏರಿಸಿ, ಹತ್ತು ಹನ್ನೆರಡು ತಿಂಗಳ ಕಾಲ ಒಲೆಯ ಹೊಗೆಗೂ ಹೆಂಚಿನ ಕಾವಿಗೂ ಒಪ್ಪಿಸಿ, ಒಳಗಿನ ನೀರು ತಾನಾಗಿ ಇಂಗಿ, ಅಲುಗಿಸಿದರೆ ಚಿಪ್ಪಿನೊಳಗೆ ಗಿಟುಕು ಉರುಳುವ ಸದ್ದು ಕೇಳಿಸುವವರೆಗೆ ಕಾದು, ಆಮೇಲೆ ಸುಲಿದು ಒಡೆದು ಮಾರುಕಟ್ಟೆಗೆ ಒಯ್ದಾಗಲೇ ಅದು ಉಂಡೆ ಕೊಬ್ಬರಿಯೆನಿಸಿ ಕ್ವಿಂಟಾಲಿನ ಲೆಕ್ಕದಲ್ಲಿ ಬೆಲೆ ಪಡೆಯುವುದು. ಆದುದರಿಂದ ಈ ಸೀಮೆಯ ರೈತನಿಗೆ ಮನೆಯೇ ಉಗ್ರಾಣ, ಮನೆಯೇ ಕಾರ್ಯಾಗಾರ, ಮನೆಯೇ ಬರುವ ವರ್ಷದ ಜೀವನಾಧಾರ. ಮಳೆ ಕೈಕೊಟ್ಟು, ಕೊಳವೆಬಾವಿ ಬತ್ತಿ, ನುಸಿಪೀಡೆಯೋ ಕಪ್ಪುತಲೆ ಹುಳುವೋ ತೋಟಕ್ಕೆ ತಗುಲಿ, 2023ರಲ್ಲಿ ಆದಂತೆ ಕೊಬ್ಬರಿಯ ಧಾರಣೆ ಸರ್ಕಾರದ ಬೆಂಬಲ ಬೆಲೆಗಿಂತ ಬಹಳ ಕೆಳಗಿಳಿದು, ಒಂದು ಸಾಲವನ್ನು ತೀರಿಸಲು ಇನ್ನೊಂದನ್ನು ಮಾಡಿ, ಕಡೆಗೆ ಎಲ್ಲವೂ ಒಮ್ಮೆಲೇ ಕೈಮೀರಿದಾಗ, ಸಾಲ ಕೊಟ್ಟವರ ದೃಷ್ಟಿ ಮೊದಲು ಬೀಳುವುದು ಆ ಮನೆಯ ಮೇಲೆ, ಆ ಅಟ್ಟದ ಮೇಲೆ, ಮನೆಯೊಡತಿಯ ಕೊರಳಿನ ಮೇಲೆ. ಹಾಗೆ ದೃಷ್ಟಿ ಬಿದ್ದುದೆಲ್ಲವೂ ಸಾಲಕ್ಕೆ ಸಲ್ಲತಕ್ಕದ್ದೇ ಎಂದು ಕೊಟ್ಟವನೂ ನಂಬಿದ್ದಾನೆ, ಕೊಂಡವನೂ ನಂಬಿದ್ದಾನೆ. ನಮ್ಮ ದೇಶದ ಕಾನೂನು ಹಾಗೆ ಹೇಳುವುದಿಲ್ಲವೆಂಬುದನ್ನು, ಅದು ಹೇಳುವುದು ಬಹುಮಟ್ಟಿಗೆ ಇದಕ್ಕೆ ವಿರುದ್ಧವಾದದ್ದೆಂಬುದನ್ನು, ಇಬ್ಬರಿಗೂ ತಿಳಿಸಿಕೊಡುವ ಗೋಜಿಗೆ ಯಾರೂ ಹೋಗಿಲ್ಲ.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಪ್ರಕರಣವನ್ನು ಒಮ್ಮೆ ಸಾವಧಾನವಾಗಿ ಓದಿದವರಿಗೆ, ಶುಷ್ಕವೆಂದು ಹೆಸರಾದ ಆ ಗ್ರಂಥದ ನಡುವೆ ಒಂದು ಸಂಸಾರದ ಚಿತ್ರವೇ ಎದ್ದು ಬರುತ್ತದೆ. ಡಿಕ್ರಿಯಾದ ಸಾಲಕ್ಕಾಗಿ ಜಪ್ತಿ ಮಾಡಬಹುದಾದ ಆಸ್ತಿಯನ್ನು ಮೊದಲು ಹೇಳಿ, ಆಮೇಲೆ ಜಪ್ತಿ ಮಾಡಕೂಡದ್ದನ್ನು ಅದು ಎಣಿಸುತ್ತ ಹೋಗುತ್ತದೆ: ಋಣಿಯ, ಅವನ ಹೆಂಡತಿಮಕ್ಕಳ ಉಡುವ ಬಟ್ಟೆ, ಅಡುಗೆಯ ಪಾತ್ರೆ, ಮಂಚ, ಹಾಸಿಗೆ, ಧರ್ಮಾಚಾರಕ್ಕೆ ಅನುಸಾರವಾಗಿ ಸ್ತ್ರೀಯು ಮೈಮೇಲಿನಿಂದ ತೆಗೆಯಬಾರದ ಆಭರಣ, ಕುಶಲಕರ್ಮಿಯ ಉಪಕರಣಗಳು, ಋಣಿಯು ಬೇಸಾಯಗಾರನಾಗಿದ್ದರೆ ಅವನ ನೇಗಿಲು ನೊಗಗಳು, ಜೀವನೋಪಾಯಕ್ಕೆ ಅವಶ್ಯವೆಂದು ನ್ಯಾಯಾಲಯಕ್ಕೆ ತೋರಿದಷ್ಟು ದನಕರು, ಬಿತ್ತನೆಯ ಕಾಳು, ಬೇಸಾಯಗಾರನೂ ಕೂಲಿಗಾರನೂ ಮನೆಗೆಲಸದವನೂ ತಾವು ಸ್ವತಃ ವಾಸವಾಗಿರುವ ಸ್ವಂತ ಮನೆ, ಅದರ ನಿವೇಶನ, ಅದಕ್ಕೆ ಹೊಂದಿದ ಹಿತ್ತಿಲು. ಕೂಲಿಯವನ ಕೂಲಿಯೂ, ಭವಿಷ್ಯನಿಧಿಯ ಹಣವೂ, ಜೀವವಿಮೆಯಿಂದ ಬರತಕ್ಕ ಮೊತ್ತವೂ ಇದೇ ಸಾಲಿಗೆ ಸೇರಿದವು. 1976ರ ತಿದ್ದುಪಡಿ ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಯಿತು. ಈ ರಕ್ಷಣೆಯನ್ನು ನಾನು ಬಿಟ್ಟುಕೊಟ್ಟಿದ್ದೇನೆಂದು ಋಣಿಯಿಂದ ಮುಂಗಡವಾಗಿ ಬರೆಸಿಕೊಂಡ ಯಾವ ಒಪ್ಪಂದವೂ ಊರ್ಜಿತವಲ್ಲವೆಂದು ಅದು ವಿಧಿಸಿತು. ಕಷ್ಟದಲ್ಲಿರುವವನು ಏನನ್ನು ಬೇಕಾದರೂ ಬರೆದುಕೊಟ್ಟಾನೆಂಬುದು ಅದನ್ನು ರಚಿಸಿದವರಿಗೆ ಚೆನ್ನಾಗಿ ಗೊತ್ತಿತ್ತು.

ಅಮೀನನು ವಾರಂಟು ಹಿಡಿದು ಪಂಚರೊಡನೆ ಬಾಗಿಲಲ್ಲಿ ನಿಂತ ಹೊತ್ತಿನ ವಿಷಯವನ್ನೂ ಇದೇ ಸಂಹಿತೆ ಮರೆತಿಲ್ಲ. ಸೂರ್ಯಾಸ್ತದ ಮೇಲೆ, ಸೂರ್ಯೋದಯಕ್ಕೆ ಮುಂಚೆ, ಚರಾಸ್ತಿಯ ಜಪ್ತಿಗೆಂದು ಅವನು ವಾಸದ ಮನೆಯನ್ನು ಪ್ರವೇಶಿಸಕೂಡದು. ಹಣದ ಡಿಕ್ರಿಗಾಗಿ ಸ್ತ್ರೀಯನ್ನು ಬಂಧಿಸಕೂಡದು. ಪುರುಷನನ್ನಾದರೂ, ತೀರಿಸಲು ಶಕ್ತಿಯಿಲ್ಲವೆಂಬ ಕಾರಣದಿಂದಲೇ ಸೆರೆಗೆ ಕಳುಹಿಸುವುದು ನ್ಯಾಯವಲ್ಲವೆಂದೂ, ಶಕ್ತಿಯಿದ್ದೂ ಕೊಡದ ದುರ್ಬುದ್ಧಿ ಸಿದ್ಧವಾಗಬೇಕೆಂದೂ 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಸ್ಪಷ್ಟಪಡಿಸಿದರು.

ಹಳೇಬೀಡಿನ ದೇವಾಲಯದ ಎದುರಿಗೆ ಬಳಪದ ಕಲ್ಲಿನಲ್ಲಿ ಸಣ್ಣ ವಿಗ್ರಹಗಳನ್ನು ಕೆತ್ತಿ ಮಾರುವ ಶಿಲ್ಪಿಯ ಚೀಲದಲ್ಲಿ ಏನಿರುತ್ತದೆಂಬುದನ್ನು ನೋಡಬೇಕು: ಮೊನೆಯುಳಿ, ಚಪ್ಪಟೆ ಉಳಿ, ಎರಡು ಮೂರು ತೂಕದ ಸುತ್ತಿಗೆ, ಅರ, ಉಜ್ಜುವ ಕಾಗದ, ಈಚೆಗೆ ಒಂದು ವಿದ್ಯುತ್ತಿನ ಉಜ್ಜುಯಂತ್ರ. ಇವನ್ನೆಲ್ಲ ಹರಾಜಿಗೆ ಹಾಕಿದರೆ ಬರುವ ಹಣ ಒಂದು ತಿಂಗಳ ಬಡ್ಡಿಗೂ ಸಾಲದು. ಇವು ಅವನ ಕೈಯಲ್ಲಿದ್ದರೆ ಅಸಲೇ ಕ್ರಮೇಣ ತೀರೀತು. ಬೇಲೂರಿನ ಮದನಿಕೆಯ ಪೀಠಗಳಲ್ಲಿ ತಮ್ಮ ಹೆಸರನ್ನು ಕಂಡರಿಸಿಹೋದ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಇವರ ಉಳಿಗಳನ್ನು ಯಾರಾದರೂ ಸಾಲಕ್ಕೆ ಹಿಡಿದುಕೊಂಡಿದ್ದರೆ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡ ಆ ಸೌಂದರ್ಯರಾಶಿಯಲ್ಲಿ ಎಷ್ಟು ಉಳಿಯುತ್ತಿತ್ತು? ವಿದ್ಯುತ್ತಿನ ಯಂತ್ರವು 1908ರ ಶಾಸನಕರ್ತರ ಊಹೆಯಲ್ಲಿ ಇರಲಿಲ್ಲವೆಂಬ ಆಕ್ಷೇಪವನ್ನು ನಾನು ಒಪ್ಪಲಾರೆ. ಉಪಕರಣವೆಂಬುದು ಕೈಯ ಮುಂದುವರಿಕೆ. ಕೈಯ ಕೆಲಸ ಬದಲಾದಂತೆ ಉಪಕರಣವೂ ಬದಲಾಗುವುದು ಸಹಜ.

ಈ ವಿವೇಕ ಇಂಗ್ಲಿಷರು ತಂದುಕೊಟ್ಟದ್ದೆಂದು ಭಾವಿಸುವವರು ಸ್ವಲ್ಪ ಹಿಂದಕ್ಕೆ ನೋಡಬೇಕು. ಬೀಸುವ ಕಲ್ಲನ್ನು ಒತ್ತೆಯಾಗಿ ಹಿಡಿಯಕೂಡದೆಂದು ಯೆಹೂದ್ಯರ ಪ್ರಾಚೀನ ಧರ್ಮಶಾಸನ ನಿಷೇಧಿಸಿತ್ತು, ಏಕೆಂದರೆ ಕಲ್ಲು ಹೋದ ಮನೆಯಲ್ಲಿ ಹಿಟ್ಟಿಲ್ಲ. ನಮ್ಮಲ್ಲಿ, ಹೊಯ್ಸಳರ ವಿಷ್ಣುವರ್ಧನನು ಯಾವ ಚಾಲುಕ್ಯ ಚಕ್ರವರ್ತಿಯ ಸಾಮಂತನಾಗಿ ರಾಜ್ಯಭಾರವನ್ನು ಆರಂಭಿಸಿದನೋ ಆ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದನು. 1117ರಲ್ಲಿ ಬೇಲೂರಿನ ವಿಜಯನಾರಾಯಣನ ಪ್ರತಿಷ್ಠೆಯಾದುದೂ ಅದೇ ಚಕ್ರವರ್ತಿಯ ಕಾಲದಲ್ಲಿಯೇ. ಆ ಸ್ಮೃತಿಯಲ್ಲಿ ಕ್ಷೀಣದೆಸೆಗೆ ಬಂದ ಋಣಿಯಿಂದ, ಅವನಿಗೆ ಆದಾಯ ಬಂದ ಹಾಗೆ ಮೆಲ್ಲಮೆಲ್ಲನೆ ಸಾಲವನ್ನು ಸಲ್ಲಿಸಿಕೊಳ್ಳಬೇಕೆಂಬ ನಿಯಮ ಉಂಟು. ಆದರೆ ಆ ಔದಾರ್ಯ ಅಲ್ಲಿ ಬ್ರಾಹ್ಮಣನಿಗೆ ಮಾತ್ರ. ಕೆಳಗಿನ ಜಾತಿಯವನಾದರೆ ಸಾಲಕ್ಕೆ ಪ್ರತಿಯಾಗಿ ಮೈಬಗ್ಗಿಸಿ ದುಡಿಸಿಕೊಳ್ಳಬಹುದೆಂದು ಅದೇ ಶ್ಲೋಕ ಹೇಳುತ್ತದೆ. ಜೀತವೆಂಬ ಪಿಡುಗು ಎಲ್ಲಿ ಬೇರುಬಿಟ್ಟಿತೆಂಬುದಕ್ಕೆ ಬೇರೆ ಸಾಕ್ಷ್ಯ ಬೇಡ. ಉಳ್ಳವನಿಗೆ ಸಂದ ಅವಕಾಶವನ್ನು ಇಲ್ಲದವನಿಗೂ ಸಲ್ಲಿಸಿದ್ದು ಆಧುನಿಕ ಶಾಸನದ ಹಿರಿಮೆ, ಮತ್ತು ಅದು ಸುಮ್ಮನೆ ದೊರೆತದ್ದಲ್ಲ. 1875ರಲ್ಲಿ ಪುಣೆ, ಅಹಮದನಗರ ಸೀಮೆಗಳ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಬೀದಿಯಲ್ಲಿ ಸುಟ್ಟ ಮೇಲೆ, 1879ರ ದಖನ್ ಬೇಸಾಯಗಾರರ ಪರಿಹಾರ ಕಾಯ್ದೆ ಬಂದಿತು. ಹಣದ ಡಿಕ್ರಿಗಾಗಿ ಬೇಸಾಯಗಾರನನ್ನು ಬಂಧಿಸಲಾಗದು, ನಿರ್ದಿಷ್ಟವಾಗಿ ಅಡವಿಡದ ಅವನ ಭೂಮಿಯನ್ನು ಜಪ್ತಿ ಮಾಡಲಾಗದು ಎಂದು ಆ ಕಾಯ್ದೆ ವಿಧಿಸಿತು. ಮೈಸೂರು ಸಂಸ್ಥಾನವೂ 1928ರಲ್ಲಿ ಬೇಸಾಯಗಾರರ ಪರಿಹಾರಕ್ಕೆಂದು ತನ್ನದೇ ಒಂದು ಕಾಯ್ದೆಯನ್ನು ಮಾಡಿಕೊಂಡಿತು.

ಇಷ್ಟು ಹೇಳಿದ್ದು ಒಬ್ಬ ಸಾಲದಾತನು ಒಂದು ಡಿಕ್ರಿ ತಂದಾಗಿನ ಮಾತು. ಹತ್ತು ಕಡೆಯ ಸಾಲ ಹತ್ತು ದಿಕ್ಕಿನಿಂದ ಎಳೆಯುವಾಗ ಋಣಿಯು ತಾನಾಗಿಯೇ ನ್ಯಾಯಾಲಯಕ್ಕೆ ಹೋಗಿ, ನನ್ನಲ್ಲಿರುವುದು ಇಷ್ಟು, ನಾನು ಕೊಡಬೇಕಾದದ್ದು ಇಷ್ಟು, ಎಲ್ಲರಿಗೂ ಪ್ರಮಾಣಾನುಸಾರ ಹಂಚಿ ನನ್ನನ್ನು ಬಿಡುಗಡೆ ಮಾಡಿರೆಂದು ಕೇಳಿಕೊಳ್ಳುವ ದಾರಿಯೊಂದು ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ತೆರೆದಿದೆ. ಅದು 1920ರ ಪ್ರಾಂತೀಯ ದಿವಾಳಿತನ ಕಾಯ್ದೆ. ಅರಸೀಕೆರೆ, ಬೇಲೂರುಗಳ ನಿವಾಸಿಗೆ ಇದರ ನ್ಯಾಯಾಲಯವೆಂದರೆ ಹಾಸನದ ಜಿಲ್ಲಾ ನ್ಯಾಯಾಲಯ. ಸಾಲ 500 ರೂಪಾಯಿ ಮುಟ್ಟಿದ್ದು ತೀರಿಸಲು ಅಶಕ್ತನಾದರೆ ಅರ್ಜಿ ಹಾಕಬಹುದು. 1920ರಲ್ಲಿ ಅದು ಸಣ್ಣ ಮೊತ್ತವಲ್ಲ, ಈಗಿನ ಲೆಕ್ಕದಲ್ಲಿ ಬಾಗಿಲೇ ಇಲ್ಲದ ಹೊಸ್ತಿಲು. ದಿವಾಳಿಯೆಂದು ನಿರ್ಣಯವಾದೊಡನೆ ಋಣಿಯ ಆಸ್ತಿ ನ್ಯಾಯಾಲಯದ ಅಥವಾ ಅದು ನೇಮಿಸಿದ ರಿಸೀವರನ ವಶಕ್ಕೆ ಹೋಗುತ್ತದೆ. ಆಮೇಲೆ ಅಡವು ಹಿಡಿಯದ ಸಾಲದಾತನು ನ್ಯಾಯಾಲಯದ ಅಪ್ಪಣೆಯಿಲ್ಲದೆ ಅವನ ಮೇಲೆ ಹೊಸದಾಗಿ ದಾವೆ ಹೂಡುವಂತಿಲ್ಲ. ಬಂಧನದಿಂದ ರಕ್ಷಣೆ ಕೋರಿ ಆಜ್ಞೆ ಪಡೆಯಲೂ ಅವಕಾಶವುಂಟು. ಮುಖ್ಯವಾದ ಸಂಗತಿಯೆಂದರೆ, ಸಿವಿಲ್ ಪ್ರಕ್ರಿಯಾ ಸಂಹಿತೆ ಜಪ್ತಿಯಿಂದ ಹೊರಗಿಟ್ಟ ವಸ್ತುಗಳು ಈ ದಿವಾಳಿಯ ಆಸ್ತಿಗೂ ಸೇರುವುದಿಲ್ಲ. ಮನೆ, ನೇಗಿಲು, ಉಳಿ, ತಾಳಿ ಇವು ರಿಸೀವರನ ಪಟ್ಟಿಗೂ ಹೊರಗಿನವು. ಕಡೆಯಲ್ಲಿ ಬಿಡುಗಡೆಯ ಆಜ್ಞೆ ಕೇಳುವಾಗ ಮಾತ್ರ, ಅಡವಿಲ್ಲದ ಸಾಲದ ರೂಪಾಯಿಗೆ ಎಂಟಾಣೆಯಷ್ಟಾದರೂ ಆಸ್ತಿ ಏಕೆ ಉಳಿಯಲಿಲ್ಲವೆಂಬುದಕ್ಕೆ ಉತ್ತರ ಕೊಡಬೇಕಾಗುತ್ತದೆ. ತನ್ನ ತಪ್ಪಿಲ್ಲದೆ ಒದಗಿದ ಕಾರಣಗಳಿಂದ ಹಾಗಾಯಿತೆಂದು ತೋರಿಸಿದರೆ ಅದೂ ಅಡ್ಡಿಯಲ್ಲ. ಮಳೆ ಬಾರದುದು, ಜಲಂಧರದಿಂದ ತಂದ ಬಿತ್ತನೆಯ ಆಲೂಗೆಡ್ಡೆಗೆ ಅಂಗಮಾರಿ ಬಿದ್ದುದು, ಶುಂಠಿಗೆ ಕೊಳೆರೋಗ ಬಂದುದು, ಇವು ರೈತನ ತಪ್ಪುಗಳಲ್ಲವೆಂದು ಯಾವ ನ್ಯಾಯಾಧೀಶರೂ ಅರಿಯಬಲ್ಲರು.

ಹೀಗಿದ್ದರೂ ಈ ಬಾಗಿಲನ್ನು ತಟ್ಟುವ ರೈತರನ್ನು ಕಾಣೆವು. ಪಾಪರ್ ಎದ್ದನೆಂಬ ಮಾತು ನಮ್ಮ ಊರುಗಳಲ್ಲಿ ಬೈಗುಳವಾಗಿ ಬಳಕೆಯಲ್ಲಿದೆ. ಮಗಳ ಮದುವೆಯ ಮಾತುಕತೆಯಲ್ಲಿ, ಜಾತ್ರೆಯ ಜಗಳದಲ್ಲಿ, ಮೂರು ತಲೆಮಾರಿನ ಮೇಲೂ ಅದನ್ನು ಎತ್ತಿ ಆಡುವವರುಂಟು. ರಾತ್ರೋರಾತ್ರಿ ಊರು ಬಿಟ್ಟವನನ್ನು ಮರುಗಿ ನೆನೆಯುತ್ತಾರೆ; ಪ್ರಾಣವನ್ನೇ ಬಿಟ್ಟವನ ಮನೆಗೆ ಮಂತ್ರಿಗಳೂ ಬರುತ್ತಾರೆ; ನ್ಯಾಯಾಲಯದ ಮುಂದೆ ನಿಂತು ಇದ್ದುದನ್ನು ಇದ್ದಂತೆ ಹೇಳಿ ಕಾನೂನಿನ ಪ್ರಕಾರ ಬಿಡುಗಡೆ ಬೇಡಿದವನನ್ನು ಕಂಡು ಮಾತ್ರ ನಗುತ್ತಾರೆ. ಈ ಮೂವರಲ್ಲಿ ಸಾಲ ಕೊಟ್ಟವನಿಗೂ, ತನ್ನ ಮನೆಯವರಿಗೂ, ಊರಿಗೂ ಸತ್ಯವಾಗಿ ನಡೆದುಕೊಂಡವನು ಯಾರೆಂದು ಕೇಳಿದರೆ, ಮೂರನೆಯವನೆಂದು ಹೇಳಲು ನನಗೆ ಎಳ್ಳಷ್ಟೂ ಸಂಕೋಚವಿಲ್ಲ.

ಇಲ್ಲಿ ಒಂದು ಭೇದವನ್ನು ಮರೆಯಬಾರದು. ಕಾನೂನು ಉಳಿಸಿದ್ದನ್ನು ಉಳಿಸಿಕೊಳ್ಳುವುದು ಬೇರೆ; ಕಾನೂನು ಕೊಡೆಂದುದನ್ನು ಬಚ್ಚಿಡುವುದು ಬೇರೆ. ಸಾಲದ ನೋಟೀಸು ಬಂದ ವಾರದಲ್ಲಿಯೇ ತೋಟವನ್ನು ಹೆಂಡತಿಯ ಹೆಸರಿಗೆ ದಾನಪತ್ರ ಮಾಡುವುದು, ಒಂದೇ ಸೂರಿನಡಿ ಒಂದೇ ಒಲೆಯಲ್ಲಿ ಉಣ್ಣುತ್ತಲೇ ಮಕ್ಕಳಿಗೆ ಪಾಲುಪಟ್ಟಿ ಬರೆಸುವುದು, ಭಾವಮೈದುನನಿಗೆ ಕೊಡಬೇಕಾದ ಸಾಲವೊಂದನ್ನು ಹುಟ್ಟಿಸಿ ಅದನ್ನು ಮೊದಲು ತೀರಿಸುವುದು, ಇವು ನಮ್ಮಲ್ಲಿ ಜಾಣತನವೆಂದು ಹೇಳಿಸಿಕೊಳ್ಳುತ್ತವೆ. ದಸ್ತಾವೇಜು ಬರೆಯುವವರೂ ಕೆಲವೆಡೆ ಇದನ್ನೇ ಬೋಧಿಸುತ್ತಾರೆ. ದಿವಾಳಿತನದ ಕಾಯ್ದೆ ಇಂಥ ಜಾಣತನವನ್ನು ಮುಂಚೆಯೇ ಕಂಡಿದೆ: ಪ್ರತಿಫಲವಿಲ್ಲದೆ ಮಾಡಿದ ವರ್ಗಾವಣೆಯ ಮೇಲೆ ಎರಡು ವರ್ಷದೊಳಗೆ ಸಲ್ಲಿಸಿದ ಅರ್ಜಿಯಿಂದ ದಿವಾಳಿಯ ನಿರ್ಣಯವಾದರೆ ಅದನ್ನು ರಿಸೀವರನು ರದ್ದುಮಾಡಿಸಬಹುದು, ಅರ್ಜಿಗೆ ಮುಂಚಿನ ಮೂರು ತಿಂಗಳೊಳಗೆ ಒಬ್ಬನಿಗೆ ಮಾತ್ರ ಒಲವು ತೋರಿ ಸಲ್ಲಿಸಿದ ಹಣವೂ ನಿಲ್ಲುವುದಿಲ್ಲ. ಆಗ ವರ್ಗಾವಣೆಯೂ ಹೋಗುತ್ತದೆ, ಬಿಡುಗಡೆಯೂ ಹೋಗುತ್ತದೆ, ಅದುವರೆಗೆ ನ್ಯಾಯವಾಗಿ ತನ್ನದಾಗಿದ್ದ ಮರ್ಯಾದೆಯೂ ಹೋಗುತ್ತದೆ. ಕೊಟ್ಟವನೂ ಬಹುಮಟ್ಟಿಗೆ ದೊಡ್ಡ ಧನಿಕನಲ್ಲ. ಗೊಬ್ಬರವನ್ನು ಕಡ ಕೊಟ್ಟ ಅಂಗಡಿಯವನು, ಮಗಳ ಮದುವೆಗೆ ಕೂಡಿಟ್ಟದ್ದನ್ನು ಕೈಸಾಲವಾಗಿ ಕೊಟ್ಟ ನೆರೆಯವಳು. ಅವರ ಪಾಲಿನ ನ್ಯಾಯವನ್ನು ಮರೆತು ಋಣಿಯ ಪರ ವಾದಿಸುವುದಕ್ಕೆ ನಾನು ಸಿದ್ಧನಿಲ್ಲ.

ಬಚ್ಚಿಡದೆಯೇ ಸಂಸಾರವನ್ನು ಕಾಪಾಡುವ ನೇರವಾದ ಉಪಾಯಗಳು ಉಂಟು. 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆಯ 6ನೆಯ ಪ್ರಕರಣದ ಪ್ರಕಾರ, ವಿವಾಹಿತನೊಬ್ಬನು ಹೆಂಡತಿಮಕ್ಕಳ ಹಿತಕ್ಕೆಂದು ಬರೆಯಿಸಿ ತೆಗೆದುಕೊಂಡ ಜೀವವಿಮೆ ಅವರ ಪಾಲಿಗೆ ನ್ಯಾಸವಾಗುತ್ತದೆ. ಅವನ ಸಾಲದವರು ಅದನ್ನು ಮುಟ್ಟುವಂತಿಲ್ಲ. ಪಾಲಿಸಿಯನ್ನು ತೆಗೆಯುವಾಗ ಒಂದು ನಮೂನೆಗೆ ಸಹಿ ಹಾಕಿದರೆ ಸಾಕು. ಆದರೆ ಅದನ್ನು ಕೇಳಿ ಬರೆಯಿಸಿಕೊಳ್ಳುವವರು ವಿರಳ. ಹೆಂಡತಿಯ ಸ್ತ್ರೀಧನ ಅವಳದೇ. ತವರಿನಿಂದ ತಂದ ಒಡವೆ ಗಂಡನ ಸಾಲಕ್ಕೆ ಹೊಣೆಯಲ್ಲ. ತಂದೆಯ ಸಾಲವನ್ನು ತೀರಿಸುವುದು ಮಗನ ಧರ್ಮವೆಂಬ ಹಳೆಯ ಹಿಂದೂ ನ್ಯಾಯದ ಆಧಾರವೊಂದರಿಂದಲೇ ಮಗನ, ಮೊಮ್ಮಗನ ಆಸ್ತಿಯ ಮೇಲೆ ಹೋಗುವ ಹಕ್ಕನ್ನು 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿ ಆಮೇಲಿನ ಸಾಲಗಳ ಮಟ್ಟಿಗೆ ತೆಗೆದುಹಾಕಿದೆ. ಬೆಂಗಳೂರಿನಲ್ಲಿ ದುಡಿಯುತ್ತಿರುವ ಮಗನಿಗೆ ಊರಿನ ಸಾಹುಕಾರನು ಫೋನು ಮಾಡಿ ಗದರಿಸುವಾಗ ಈ ಒಂದು ಸಂಗತಿ ಅವನಿಗೆ ತಿಳಿದಿರುವುದು ಒಳ್ಳೆಯದು. ಪ್ರೀತಿಯಿಂದ ಅವನು ತೀರಿಸಿದರೆ ಅದು ಅವನ ದೊಡ್ಡತನ. ತೀರಿಸಲೇಬೇಕೆಂಬ ಬಲಾತ್ಕಾರಕ್ಕೆ ಆಧಾರವಿಲ್ಲ. ತಂದೆಯಿಂದ ಬಂದ ಆಸ್ತಿ ತಂದೆಯ ಸಾಲಕ್ಕೆ ಹೊಣೆಯಾಗುವುದು ಬೇರೆಯ ಮಾತು.

ಇನ್ನು, ಈ ರಕ್ಷಣೆಯ ಕೋಟೆಯಲ್ಲಿರುವ ದೊಡ್ಡ ಬಿರುಕಿನ ವಿಚಾರ. ಕಾನೂನು ಉಳಿಸುವುದು ಅಡವಿಡದ ಆಸ್ತಿಯನ್ನು ಮಾತ್ರ. ಮನೆಯನ್ನು ಆಧಾರ ಮಾಡಿ ಸಾಲ ತೆಗೆದವನಿಗೆ 60ನೆಯ ಪ್ರಕರಣದ ಆಶ್ರಯವಿಲ್ಲ. ಅಡವಿನ ಡಿಕ್ರಿಯಲ್ಲಿ ಜಪ್ತಿಯ ಹಂತವೇ ಇಲ್ಲದೆ ಮಾರಾಟಕ್ಕೆ ಹೋಗುತ್ತದೆ. ಬ್ಯಾಂಕಿನ ಪಾಲಿಗಂತೂ 2002ರ ಸರ್ಫೇಸಿ ಕಾಯ್ದೆ ನ್ಯಾಯಾಲಯದ ಮೆಟ್ಟಿಲನ್ನೇ ಹತ್ತದೆ ಆಧಾರದ ಆಸ್ತಿಯನ್ನು ವಶಪಡಿಸಿಕೊಳ್ಳುವ ಅಧಿಕಾರವನ್ನು ಕೊಟ್ಟಿದೆ. ಕೃಷಿಭೂಮಿಯನ್ನು ಆ ಕಾಯ್ದೆ ಹೊರಗಿಟ್ಟಿದೆಯಾದರೂ ಕಾಫಿಯ ತೋಟ ಕೃಷಿಭೂಮಿಯೇ ಅಲ್ಲವೆ ಎಂಬ ತಕರಾರು ಬೇಲೂರು, ಸಕಲೇಶಪುರ, ಚಿಕ್ಕಮಗಳೂರುಗಳ ಬೆಳೆಗಾರರನ್ನು ವರ್ಷಗಳಿಂದ ಕಾಡುತ್ತಿದೆ. ತಮ್ಮ ತೋಟಗಳನ್ನು ಆ ಕಾಯ್ದೆಯಿಂದ ಬಿಡಬೇಕೆಂದು ಅವರು ಆಗ್ರಹಿಸುತ್ತಲೇ ಬಂದಿದ್ದಾರೆ. ಇದಕ್ಕಿಂತ ಹೃದಯವಿದ್ರಾವಕವಾದದ್ದು ಮಾಂಗಲ್ಯದ ಸ್ಥಿತಿ. ಹೆಣ್ಣಿನ ಕೊರಳಿನಿಂದ ತೆಗೆಯಕೂಡದೆಂದು ಕಾನೂನು ಅಮೀನನ ಕೈಯನ್ನು ತಡೆಯುತ್ತದೆ. ಆದರೆ ಅಮೀನನು ಬರುವುದಕ್ಕೆ ವರ್ಷ ಮುಂಚೆಯೇ ಅವಳೇ ಅದನ್ನು ಬಿಚ್ಚಿ, ಕರಿಮಣಿಯನ್ನು ಅರಿಶಿನದ ದಾರಕ್ಕೆ ಪೋಣಿಸಿಕೊಂಡು, ಪೇಟೆಯ ಒಡವೆ ಸಾಲದ ಅಂಗಡಿಯಲ್ಲಿ ತೂಗಿಸಿ ಇಟ್ಟು ಬಂದಿರುತ್ತಾಳೆ. ಬಡ್ಡಿ ಕಟ್ಟಲಾಗದೆ ಅವಧಿ ಮೀರಿದರೆ ಹರಾಜು. ಜಪ್ತಿಗೆ ನಿಷಿದ್ಧವಾದದ್ದು ಗಿರವಿಗೆ ನಿಷಿದ್ಧವಲ್ಲ.

ಸಣ್ಣ ಸಾಲದ ಸಂಘಗಳೂ ಕಿರುಹಣಕಾಸು ಸಂಸ್ಥೆಗಳೂ ಇನ್ನೊಂದು ಬಗೆ. ಅಲ್ಲಿ ಆಧಾರವೂ ಇಲ್ಲ, ಡಿಕ್ರಿಯೂ ಇಲ್ಲ, ಅಮೀನನೂ ಇಲ್ಲ. ಹತ್ತು ಹೆಂಗಸರ ಪರಸ್ಪರ ಜಾಮೀನು ಒಂದೇ ಆಧಾರ, ಮತ್ತು ವಾರದ ಕಂತಿನ ದಿನ ಬಾಗಿಲಲ್ಲಿ ಬಂದು ಕೂರುವವರ ದನಿ ಒಂದೇ ವಾರಂಟು. ಆ ದನಿಗೆ ಸೂರ್ಯಾಸ್ತದ ನಿಯಮವಿಲ್ಲ. ಹೀಗಾಗಿ ಕಾನೂನು ನ್ಯಾಯಾಲಯದ ಬಾಗಿಲಲ್ಲಿ ನಿಲ್ಲಿಸಿದ ಕಾವಲುಗಾರನು ಅಲ್ಲಿಯೇ ನಿಂತಿದ್ದಾನೆ. ಸಾಲದ ವಸೂಲಿ ಬೇರೆಯ ದಾರಿಯಿಂದ ಮನೆಯೊಳಕ್ಕೆ ಬಂದಿದೆ. 2025ರಲ್ಲಿ ಕರ್ನಾಟಕ ಸರ್ಕಾರ ಮೊದಲು ಸುಗ್ರೀವಾಜ್ಞೆಯಿಂದಲೂ ಆಮೇಲೆ ಶಾಸನದಿಂದಲೂ ಇಂಥ ಬಲಾತ್ಕಾರದ ವಸೂಲಿಗೆ 10 ವರ್ಷದವರೆಗೆ ಸೆರೆವಾಸವನ್ನೂ 5 ಲಕ್ಷ ರೂಪಾಯಿವರೆಗೆ ದಂಡವನ್ನೂ ವಿಧಿಸಿದ್ದು ಸ್ವಾಗತಾರ್ಹವೇ. ಅದಕ್ಕೂ ಮುಂಚೆ, ದೇವರಾಜ ಅರಸರ ಕಾಲದ 1976ರ ಋಣ ಪರಿಹಾರ ಕಾಯ್ದೆ ಸಣ್ಣ ರೈತರ, ಭೂಹೀನರ ಸಾಲಗಳನ್ನು ರದ್ದುಮಾಡಿ ಗಿರವಿಯ ವಸ್ತುಗಳನ್ನು ಹಿಂದಿರುಗಿಸಿತು. 2018ರ ಋಣ ಪರಿಹಾರ ಕಾಯ್ದೆ 2019ರ ಜುಲೈಯಲ್ಲಿ ಜಾರಿಗೆ ಬಂದು, ವಾರ್ಷಿಕ ವರಮಾನ 1.2 ಲಕ್ಷ ರೂಪಾಯಿ ಮೀರದವರಿಗೆ ಖಾಸಗಿ ಸಾಲದಿಂದ ಒಂದು ಸಲದ ಮುಕ್ತಿಯನ್ನು ಕೊಡಹೊರಟಿತು. ಇವುಗಳ ಉದ್ದೇಶವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಮನ್ನಾ ಒಂದು ವರ್ಷದ ಮಳೆ. ಆ ವರ್ಷದಲ್ಲಿ ಸಾಲಗಾರನಾಗಿದ್ದವನಿಗೆ ಸಿಕ್ಕಿತು, ಮುಂದಿನ ವರ್ಷ ಬಿದ್ದವನಿಗೆ ಇಲ್ಲ. ವರ್ಷವೂ, ಪ್ರತಿಯೊಬ್ಬನಿಗೂ, ಯಾರ ಕೃಪೆಯನ್ನೂ ಬೇಡದೆ ದೊರೆಯತಕ್ಕದ್ದು ಶಾಶ್ವತವಾದ ದಿವಾಳಿತನದ ಕಾನೂನು ಮತ್ತು ಅದು ಉಳಿಸುವ ಆಸ್ತಿಯ ಪಟ್ಟಿ.

ಆ ಕಾನೂನನ್ನು ಸಂಸತ್ತು 2016ರಲ್ಲಿಯೇ ಹೊಸದಾಗಿ ಬರೆದಿದೆ. ಋಣಶೋಧನ ಅಸಾಮರ್ಥ್ಯ ಮತ್ತು ದಿವಾಳಿತನ ಸಂಹಿತೆಯ ಮೂರನೆಯ ಭಾಗ ವ್ಯಕ್ತಿಗಳಿಗೆಂದೇ ಇದೆ. ಅದು ದಿವಾಳಿಯಿಂದ ಹೊರಗಿಟ್ಟ ಆಸ್ತಿಯ ಪಟ್ಟಿ 1908ರದಕ್ಕಿಂತ ಕಾಲೋಚಿತವಾದದ್ದು: ಅಡವಿಲ್ಲದ ಉಪಕರಣ, ಪುಸ್ತಕ, ಕಸುಬಿಗೆ ಬೇಕಾದ ವಾಹನ, ಮನೆಬಳಕೆಯ ಸಾಮಾನು, ದವಸಧಾನ್ಯ, ಧರ್ಮಾಚಾರದ ಆಭರಣ, ವಿಮೆ, ಪಿಂಚಣಿ, ವಾಸದ ಒಂದು ಮನೆ. ಈ ಮನೆಗೆ 2019ರ ನಿಯಮಗಳು ಪಟ್ಟಣದಲ್ಲಿ 20 ಲಕ್ಷ, ಹಳ್ಳಿಯಲ್ಲಿ 10 ಲಕ್ಷ ರೂಪಾಯಿಯ ಮಿತಿಯನ್ನೂ ಆಭರಣಕ್ಕೆ 1 ಲಕ್ಷದ ಮಿತಿಯನ್ನೂ ಹಾಕಿವೆ. ಹತ್ತು ಗ್ರಾಂ ಚಿನ್ನದ ಬೆಲೆಯೇ 2025ರಲ್ಲಿ ಲಕ್ಷವನ್ನು ದಾಟಿದ ಮೇಲೆ, ಎರಡು ತಾಳಿಬೊಟ್ಟು, ಒಂದು ಸರ ಸೇರಿದ ಮಾಂಗಲ್ಯ ಆ ಮಿತಿಯಲ್ಲಿ ಹೇಗೆ ಅಡಗೀತು? ಇನ್ನೂ ಒಂದು ಅಧ್ಯಾಯ ಕಡುಬಡವರಿಗೆಂದು ಮೀಸಲಾಗಿದೆ. ವರ್ಷದ ವರಮಾನ 60,000 ರೂಪಾಯಿ, ಒಟ್ಟು ಆಸ್ತಿ 20,000, ಸಾಲ 35,000 ಮೀರದೆ, ಸ್ವಂತ ಮನೆಯೂ ಇಲ್ಲದವನಿಗೆ ಸಾಲವನ್ನು ಅಳಿಸಿ ಹೊಸದಾಗಿ ಬಾಳನ್ನು ಆರಂಭಿಸಗೊಡುವ ಕ್ರಮವದು. ಮೊತ್ತಗಳು ಸಣ್ಣವಾದರೂ ಅದರ ಹಿಂದಿನ ಮನಸ್ಸು ದೊಡ್ಡದು.

ಆದರೆ ಈ ಮೂರನೆಯ ಭಾಗ ಇಂದಿಗೂ ನಮ್ಮ ತೆಂಗಿನ ರೈತನಿಗೆ ಅನ್ವಯಿಸುವುದಿಲ್ಲ. 2019ರ ಡಿಸೆಂಬರ್ 1ರಿಂದ ಅದನ್ನು ಜಾರಿಗೆ ತಂದಿರುವುದು ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರ ಮಟ್ಟಿಗೆ ಮಾತ್ರ. ಹಾಗೆ ಒಂದು ವರ್ಗಕ್ಕೆ ಮಾತ್ರ ತಂದುದು ಸರಿಯೆಂದು 2021ರ ಮೇ ತಿಂಗಳಲ್ಲಿ ಲಲಿತ್ ಕುಮಾರ್ ಜೈನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಕೋಟಿಗಟ್ಟಲೆ ಸಾಲಕ್ಕೆ ಜಾಮೀನಾದ ಉದ್ಯಮಿಗೆ 2016ರ ಕಾನೂನು, ಎರಡು ಲಕ್ಷದ ಸಾಲದಲ್ಲಿ ಮುಳುಗಿದ ಬಾಣಾವರದ ರೈತನಿಗೆ 1920ರ ಕಾನೂನು. ಬಡವನ ಭಾಗವನ್ನು ಬರೆದು ಮುಗಿಸಿಯೂ ಇಷ್ಟು ವರ್ಷ ಬೀರುವಿನಲ್ಲಿ ಇಟ್ಟಿರುವುದಕ್ಕೆ ಆಡಳಿತದ ಅನುಕೂಲ ಅನನುಕೂಲಗಳ ಯಾವ ಕಾರಣವೂ ಸಾಕೆಂದು ನನಗೆ ತೋರುವುದಿಲ್ಲ.

ಇಷ್ಟು ರಕ್ಷಣೆ ಕೊಟ್ಟರೆ ಸಾಲ ಕೊಡುವವರೇ ಇಲ್ಲವಾದಾರೆಂಬ ವಾದ ಹಳೆಯದು, ಮತ್ತು ಅದರಲ್ಲಿ ಸ್ವಲ್ಪ ಸತ್ಯವೂ ಉಂಟು. ಮನೆಯನ್ನು ಎಂದಿಗೂ ಮುಟ್ಟಲಾಗದೆಂದರೆ ಮನೆ ಕಟ್ಟಲು ಸಾಲ ಹುಟ್ಟುವುದು ಕಷ್ಟ. ಅದನ್ನು ಒಪ್ಪಿಯೇ ಹೇಳುತ್ತೇನೆ: ಮನೆಗೆಂದು ತೆಗೆದ ಸಾಲಕ್ಕೆ ಮನೆ ಹೊಣೆಯಾಗಲಿ, ಆದರೆ ಆಸ್ಪತ್ರೆಯ ಖರ್ಚಿಗೆ, ಕೊಳವೆಬಾವಿ ಕೊರೆಯಿಸಿ ನೀರು ಬಾರದುದಕ್ಕೆ, ಹಿಂದಿನ ಸಾಲದ ಬಡ್ಡಿಗೆ ತೆಗೆದ ಸಾಲಕ್ಕೆ ಬೇಸಾಯಗಾರನ ಏಕೈಕ ವಾಸದ ಮನೆಯನ್ನು ಆಧಾರವಾಗಿ ಬರೆಯಿಸಿಕೊಳ್ಳುವುದು ಮಾತ್ರ ನಿಲ್ಲಬೇಕು. ಮುಂಗಡವಾಗಿ ಹಕ್ಕು ಬಿಟ್ಟುಕೊಡುವ ಒಪ್ಪಂದವನ್ನು ಅನೂರ್ಜಿತಗೊಳಿಸಿದ 1976ರ ವಿವೇಕವನ್ನು ಅಡವಿಗೂ ಈ ಮಟ್ಟಿಗೆ ವಿಸ್ತರಿಸಿದರೆ ಸಾಕು. ಅಮೆರಿಕದ ಟೆಕ್ಸಸ್ ಇನ್ನೂ ಸ್ವತಂತ್ರ ಗಣರಾಜ್ಯವಾಗಿದ್ದಾಗ, 1839ರಲ್ಲಿ, ವಾಸದ ಮನೆಯನ್ನೂ ಅದರ ಸುತ್ತಲಿನ ನೆಲವನ್ನೂ ಸಾಲದವರಿಂದ ಕಾಪಾಡುವ ಶಾಸನವನ್ನು ಮಾಡಿಕೊಂಡಿತು. ಅಲ್ಲಿ ಸಾಲದ ವ್ಯವಹಾರ ನಿಂತುಹೋಗಲಿಲ್ಲ.

ಮಾಡಬೇಕಾದ ಕೆಲಸಗಳಲ್ಲಿ ಕೆಲವು ಹಾಸನದಲ್ಲಿಯೇ ಆಗತಕ್ಕವು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ತನ್ನ ಶಿಬಿರಗಳಲ್ಲಿ 60ನೆಯ ಪ್ರಕರಣದ ಪಟ್ಟಿಯನ್ನು ತಿಳಿಗನ್ನಡದಲ್ಲಿ ಅಚ್ಚುಹಾಕಿಸಿ ಹಂಚಬಹುದು. ಹಾಲಿನ ಡೇರಿಯ ಗೋಡೆಗೂ ಸಹಕಾರ ಸಂಘದ ಬಾಗಿಲಿಗೂ ಅಂಟಿಸಬಹುದು. ಅಮೀನನು ಜಪ್ತಿಗೆ ಹೋದಾಗ ಬಿಡತಕ್ಕ ವಸ್ತುಗಳನ್ನು ಪಂಚರ ಮುಂದೆ ಮೊದಲು ಓದಿ ಹೇಳಬೇಕೆಂಬ ಪರಿಪಾಠ ಬರಬೇಕು. ಬೆಳೆಯ ಒಂದು ಭಾಗವನ್ನು, ಮುಂದಿನ ಸುಗ್ಗಿಯವರೆಗೆ ಬೇಸಾಯಕ್ಕೂ ಸಂಸಾರಕ್ಕೂ ಬೇಕಾದಷ್ಟನ್ನು, ಜಪ್ತಿಯಿಂದ ಬಿಡುವ ಅಧಿಕಾರವನ್ನು ಸಂಹಿತೆಯ 61ನೆಯ ಪ್ರಕರಣ ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ರಾಗಿ, ಭತ್ತಗಳ ಸುಗ್ಗಿ ಕಣದಲ್ಲಿ ಮುಗಿಯುತ್ತದೆ, ತೆಂಗಿನದು ಅಟ್ಟದ ಮೇಲೆ ವರ್ಷವಿಡೀ ನಡೆಯುತ್ತದೆಂಬ ವಿಶೇಷವನ್ನು ಗಮನಿಸಿ, ಕೊಬ್ಬರಿಗೆಂದು ಅಟ್ಟದಲ್ಲಿ ಇಟ್ಟ ಕಾಯಿಯ ನ್ಯಾಯವಾದ ಪಾಲನ್ನು ಹೆಸರಿಟ್ಟು ಉಳಿಸುವ ಆದೇಶವನ್ನು ಗೆಜೆಟ್ಟಿನಲ್ಲಿ ಪ್ರಕಟಿಸುವುದು ಬೆಂಗಳೂರಿನ ಕೈಯಲ್ಲಿರುವ ಕೆಲಸ.

ಉಳಿದದ್ದು ದೆಹಲಿಯದು. 2016ರ ಸಂಹಿತೆಯ ಭಾಗಗಳನ್ನು ಬೇರೆ ಬೇರೆ ದಿನಗಳಲ್ಲಿ ಜಾರಿಗೆ ತರಬಹುದೆಂದು ಅದರ ಮೊದಲನೆಯ ಪ್ರಕರಣವೇ ಹೇಳುವುದರಿಂದ, ವ್ಯಕ್ತಿಗಳ ಭಾಗಕ್ಕೆ ಹೊಸ ಮಸೂದೆ ಬೇಕಿಲ್ಲ, ಒಂದು ಅಧಿಸೂಚನೆ ಸಾಕು. ಆ ಭಾಗದ ಅರ್ಜಿಗಳನ್ನು ಕೇಳತಕ್ಕದ್ದು ಸಾಲ ವಸೂಲಿ ನ್ಯಾಯಮಂಡಳಿಯೆಂದು ಸಂಹಿತೆಯಲ್ಲಿದೆ. ಅದರ ಪೀಠ ಹಾಸನದಿಂದ ದೂರದ ನಗರದಲ್ಲಿರುವುದರಿಂದ, ಕೂಲಿ ಬಿಟ್ಟು ಬಸ್ಸು ಹತ್ತಿ ಹೋಗಲಾರದವನಿಗೆ ಜಿಲ್ಲೆಯಲ್ಲಿಯೇ ಅರ್ಜಿ ಹಾಕುವ ವ್ಯವಸ್ಥೆಯೂ ಅದರೊಡನೆಯೇ ಆಗಬೇಕು. ಮನೆಯ, ಆಭರಣದ ಮಿತಿಗಳು ನಿಯಮಗಳಲ್ಲಿರುವುದರಿಂದ ಅವನ್ನು ಏರಿಸುವುದು ಸರ್ಕಾರದಿಂದಲೇ ಸಾಧ್ಯ. ಕಡುಬಡವರ ಅಧ್ಯಾಯದ 60,000, 20,000, 35,000 ಎಂಬ ಅಂಕಿಗಳು ಮಾತ್ರ ಶಾಸನದೊಳಗೇ ಇರುವುದರಿಂದ ಅವಕ್ಕೆ ಸಂಸತ್ತಿನ ತಿದ್ದುಪಡಿ ಬೇಕು. ಹಾಸನವನ್ನೂ ತುಮಕೂರನ್ನೂ ಚಿಕ್ಕಮಗಳೂರನ್ನೂ ಪ್ರತಿನಿಧಿಸುವವರು, ಕೊಬ್ಬರಿಯ ಬೆಂಬಲ ಬೆಲೆಗಾಗಿ ಎತ್ತುವಷ್ಟೇ ಗಟ್ಟಿಯಾದ ದನಿಯನ್ನು ಲೋಕಸಭೆಯಲ್ಲಿ ಇದಕ್ಕೂ ಎತ್ತಬೇಕು.